ತಟ್ಟೆಯ ಅಂಚಿನ ಮೇಲೊಂದು ದಾರ: ಸೈನ್ ಎಕ್ಸ್ ಬೈ ಎಕ್ಸ್ ಯಾಕೆ 1 ಆಗುತ್ತೆ?

ಮೊದಲ ಪಿಯುಸಿ ಸೈನ್ಸ್ ವಿದ್ಯಾರ್ಥಿಗಳ ಮುಂದೆ ಮಾತಾಡಿದ್ದು ಇದು. ಹೆಚ್ಚುಕಡಿಮೆ ಮಾತಾಡಿದ ಹಾಗೇ ಬರೆದಿದ್ದೇನೆ. ಬೋರ್ಡಿನ ಮೇಲೆ ಬರೆದದ್ದನ್ನು ಮಾತ್ರ ಇಲ್ಲಿ ಮಾತಿನಲ್ಲಿ ಹೇಳಿದ್ದೇನೆ. ಓದುವಾಗ ಪಕ್ಕದಲ್ಲಿ ಒಂದು ಹಾಳೆ, ಪೆನ್ಸಿಲ್ ಇಟ್ಟುಕೊಳ್ಳಿ.

ಎಲ್ಲರಿಗೂ ನಮಸ್ಕಾರ. ಒಬ್ಬ ಹುಡುಗ ಕೇಳಿದ ಪ್ರಶ್ನೆಯಿಂದ ಶುರು ಮಾಡುತ್ತೇನೆ. ಕೆಲವು ವರ್ಷಗಳ ಹಿಂದಿನ ಮಾತು. ಹತ್ತನೇ ತರಗತಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿ ಬಂದವನು, ಕೊನೆ ಬೆಂಚು, ಜಾಸ್ತಿ ಮಾತಾಡುತ್ತಿರಲಿಲ್ಲ. ನಾನು ಬೋರ್ಡಿನ ಮೇಲೆ, ಎಕ್ಸ್ ಸೊನ್ನೆಗೆ ಹತ್ತಿರ ಹೋದಾಗ ಸೈನ್ ಎಕ್ಸ್ ಬೈ ಎಕ್ಸ್‌ನ ಲಿಮಿಟ್ 1 ಅಂತ ಬರೆದೆ. ಎಲ್ಲರೂ ಬರೆದುಕೊಂಡರು. ಅವನೊಬ್ಬ ಬರೆದುಕೊಳ್ಳಲಿಲ್ಲ. ಕ್ಯಾಲ್ಕುಲೇಟರ್ ತೆಗೆದು 0.01 ಹಾಕಿ ನೋಡಿದ. ಬಂದದ್ದು 0.01745. ಇನ್ನೂ ಚಿಕ್ಕದು ನೋಡೋಣ ಅಂತ 0.001 ಹಾಕಿದ. ಮತ್ತೆ ಅದೇ 0.01745. ಎದ್ದು ನಿಂತು, "ಸಾರ್, 1 ಬರ್ತಾ ಇಲ್ಲ. ಪುಸ್ತಕದಲ್ಲಿ ತಪ್ಪಿದೆಯಾ?" ಅಂದ.

ನಾನು ಹೋಗಿ ನೋಡಿದೆ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿತ್ತು. "ರೇಡಿಯನ್‌ಗೆ ಹಾಕಪ್ಪ" ಅಂದೆ. ಹಾಕಿದ. 0.01ಕ್ಕೆ 0.99998 ಬಂತು. ಅವನು ಕೂರಲಿಲ್ಲ. "ಅದ್ಯಾಕೆ ಸಾರ್, ರೇಡಿಯನ್‌ಗೆ ಹಾಕಿದ ತಕ್ಷಣ 1 ಆಯ್ತು?" ಅಂದ.

ಅವತ್ತು ನಾನು ಸರಿಯಾದ ಉತ್ತರ ಕೊಡಲಿಲ್ಲ. ಪೋರ್ಷನ್ ಮುಗಿಸಬೇಕಿತ್ತು, "ಕ್ಯಾಲ್ಕುಲಸ್‌ನಲ್ಲಿ ಯಾವಾಗಲೂ ರೇಡಿಯನ್ನೇ" ಅಂದು ಮುಂದೆ ಹೋದೆ. ಅದು ಉತ್ತರ ಅಲ್ಲ, ಬರೀ ಸೂಚನೆ. ಆ ಹುಡುಗನಿಗೆ ಅವತ್ತು ಹೇಳಬೇಕಾಗಿದ್ದನ್ನು ಇವತ್ತು ನಿಮಗೆ ಹೇಳುತ್ತೇನೆ. ನನ್ನ ಮಾತು ಇಷ್ಟೇ: ರೇಡಿಯನ್ ಅಂದರೆ ಏನು ಅಂತ ಕೈಯಲ್ಲಿ ಮಾಡಿ ನೋಡಿದವರಿಗೆ ಈ ಲಿಮಿಟ್ ಕಣ್ಣಿಗೇ ಕಾಣುತ್ತೆ. ಅದು ಕಂಡರೆ ಮುಂದಿನ ಡೆರಿವೇಟಿವ್, ಅಂದರೆ ಸೈನ್ ಎಷ್ಟು ವೇಗವಾಗಿ ಬದಲಾಗುತ್ತೆ ಅನ್ನುವ ಲೆಕ್ಕ ಕೂಡ ಬಾಯಿಪಾಠ ಮಾಡುವಂಥದ್ದಲ್ಲ.

ಮೊದಲು ಹತ್ತನೇ ತರಗತಿಯ ಸೈನ್ ನೆನಪು ಮಾಡಿಕೊಳ್ಳಿ. ಲಂಬಕೋನ ತ್ರಿಭುಜ. ಅಭಿಮುಖ ಬಾಹು ಬೈ ವಿಕರ್ಣ ಅಂದರೆ ಸೈನ್, ಪಾರ್ಶ್ವ ಬಾಹು ಬೈ ವಿಕರ್ಣ ಅಂದರೆ ಕಾಸ್. ಗೋಪುರದ ಎತ್ತರ, ಗಾಳಿಪಟದ ದಾರದ ಉದ್ದ, ಎಲ್ಲ ಲೆಕ್ಕ ಮಾಡಿದ್ದೀರಿ. ಚೆನ್ನಾಗಿತ್ತು. ಆಮೇಲೆ ಪಿಯುಸಿಗೆ ಬಂದಿರಿ, ಬಂದ ಮೊದಲ ತಿಂಗಳಲ್ಲೇ ಸೈನ್ 150 ಡಿಗ್ರಿ ಅಂತ ಬಂತು. ಲಂಬಕೋನ ತ್ರಿಭುಜದಲ್ಲಿ 150 ಡಿಗ್ರಿ ಕೋನ ಎಲ್ಲಿಂದ ಬಂತು? ಒಂದು ಮೂಲೆ ಆಗಲೇ 90 ಡಿಗ್ರಿ ತಗೊಂಡಿದೆ, ಉಳಿದ ಎರಡಕ್ಕೂ ಸೇರಿ ಇರುವುದೇ 90. ಇಲ್ಲಿ ಬಹಳ ಮಕ್ಕಳು ಮನಸ್ಸಿನಲ್ಲೇ ಕೈಬಿಡುತ್ತಾರೆ. ಇದು ಬೇರೆ ಯಾವುದೋ ಸೈನ್, ಸೂತ್ರ ಕಲಿತು ಪಾರಾಗಬೇಕು ಅಂದುಕೊಂಡುಬಿಡುತ್ತಾರೆ.

ಬೇರೆ ಅಲ್ಲ, ಅದೇ ಸೈನ್. ತ್ರಿಭುಜ ಬಿಟ್ಟು ಚಕ್ರಕ್ಕೆ ಹತ್ತಿದೆ, ಅಷ್ಟೇ. ಜಾತ್ರೆಯಲ್ಲಿ ಜೈಂಟ್ ವೀಲ್ ನೋಡಿದ್ದೀರಲ್ವಾ? ಅದರ ಮಧ್ಯದ ಗುಂಬದಿಂದ ತೊಟ್ಟಿಲಿನವರೆಗಿನ ಉದ್ದವನ್ನು 1 ಅಂತ ಇಟ್ಟುಕೊಳ್ಳಿ. ತೊಟ್ಟಿಲು ಗುಂಬದ ಸರಿಸಮಕ್ಕೆ, ಬಲಗಡೆ ನಿಂತಿದೆ. ಅಲ್ಲಿಂದ ಮೇಲಕ್ಕೆ ತಿರುಗಲು ಶುರು. ಎಷ್ಟು ತಿರುಗಿದೆ ಅನ್ನುವುದು ಕೋನ. ಗುಂಬದ ಮಟ್ಟದಿಂದ ತೊಟ್ಟಿಲು ಎಷ್ಟು ಎತ್ತರದಲ್ಲಿದೆ ಅನ್ನುವುದು ಸೈನ್. ಎಷ್ಟು ಪಕ್ಕಕ್ಕಿದೆ ಅನ್ನುವುದು ಕಾಸ್. ಕಾಲು ಸುತ್ತಿನೊಳಗೆ ಇದ್ದಾಗ ಗುಂಬದಿಂದ ತೊಟ್ಟಿಲಿಗೆ ಒಂದು ಗೆರೆ, ತೊಟ್ಟಿಲಿನಿಂದ ನೇರ ಕೆಳಕ್ಕೆ ಒಂದು ಗೆರೆ ಎಳೆದರೆ ನಿಮ್ಮ ಹತ್ತನೇ ತರಗತಿಯ ತ್ರಿಭುಜವೇ ಸಿಗುತ್ತೆ, ವಿಕರ್ಣ 1. ಕಾಲು ಸುತ್ತು ದಾಟಿದ ಮೇಲೂ ತೊಟ್ಟಿಲಿಗೆ ಎತ್ತರ ಇರುತ್ತೆ ತಾನೇ? 150 ಡಿಗ್ರಿಯಲ್ಲಿ ಎತ್ತರ ಅರ್ಧ. ಅರ್ಧ ಸುತ್ತು ದಾಟಿದರೆ ಗುಂಬದ ಮಟ್ಟಕ್ಕಿಂತ ಕೆಳಗೆ ಇಳಿಯುತ್ತೆ, ಆಗ ಮೈನಸ್. ಮೂರು ಸುತ್ತು, ಮೂವತ್ತು ಸುತ್ತು ಹೊಡೆದರೂ ಎತ್ತರ ಅನ್ನೋದು ಇದ್ದೇ ಇರುತ್ತೆ. ಹಾಗಾಗಿ ಸೈನ್ ಈಗ ಯಾವ ಸಂಖ್ಯೆಗೆ ಬೇಕಾದರೂ ಅರ್ಥ ಇರುವ ಫಂಕ್ಷನ್.

ಸರಿ, ಎಷ್ಟು ತಿರುಗಿದೆ ಅನ್ನುವುದನ್ನು ಅಳೆಯುವುದು ಹೇಗೆ? ಡಿಗ್ರಿ ನಮಗೆ ಗೊತ್ತು, ಸುತ್ತಿಗೆ 360. ಆದರೆ 360 ಯಾಕೆ? ಚಕ್ರದ ಒಳಗಿಂದ ಬಂದ ಸಂಖ್ಯೆಯಲ್ಲ ಅದು. ಬಹಳ ಹಿಂದಿನ ಖಗೋಳದವರು ಇಟ್ಟುಕೊಂಡ ಲೆಕ್ಕ. 400 ಅಂತ ಇಟ್ಟುಕೊಂಡಿದ್ದರೂ ನಡೆಯುತ್ತಿತ್ತು.

ಈಗ ನಾನು ತಂದಿರುವ ಸಾಮಾನು ನೋಡಿ. ಒಂದು ಸ್ಟೀಲ್ ಊಟದ ತಟ್ಟೆ, ಒಂದು ದಾರ, ಒಂದು ಹಳೇ ಪೇಪರ್. ತಟ್ಟೆಯನ್ನು ಪೇಪರ್ ಮೇಲೆ ಬೋರಲು ಹಾಕಿ ಸುತ್ತ ಗೆರೆ ಎಳೆಯುತ್ತೇನೆ. ಆ ವೃತ್ತವನ್ನು ಕತ್ತರಿಸಿ ತೆಗೆದು, ಒಮ್ಮೆ ಸರಿಯಾಗಿ ಅರ್ಧಕ್ಕೆ ಮಡಚಿ ಬಿಚ್ಚುತ್ತೇನೆ, ಇನ್ನೊಂದು ದಿಕ್ಕಿನಲ್ಲಿ ಮತ್ತೆ ಮಡಚುತ್ತೇನೆ. ಎರಡು ಮಡಿಕೆ ಸೇರುವ ಜಾಗವೇ ಕೇಂದ್ರ. ಈಗ ಕೇಂದ್ರದಿಂದ ಅಂಚಿಗೆ ದಾರ ಹಿಡಿದು ಅಷ್ಟುದ್ದಕ್ಕೆ ಕತ್ತರಿಸುತ್ತೇನೆ. ಇದು ತ್ರಿಜ್ಯ. ಈ ತಟ್ಟೆ 28 ಸೆಂಟಿಮೀಟರ್ ಅಗಲ, ಹಾಗಾಗಿ ದಾರ 14 ಸೆಂಟಿಮೀಟರ್. ಇದೇ ದಾರವನ್ನು ಈಗ ಅಂಚಿನ ಮೇಲೆ, ಬಾಗಿಸಿ, ಅಂಚಿಗೆ ಅಂಟಿಕೊಂಡ ಹಾಗೆ ಇಡುತ್ತೇನೆ. ಶುರುವಿನಲ್ಲಿ ಒಂದು ಗುರುತು, ಕೊನೆಯಲ್ಲಿ ಒಂದು ಗುರುತು. ಎರಡೂ ಗುರುತಿನಿಂದ ಕೇಂದ್ರಕ್ಕೆ ಗೆರೆ ಎಳೆದರೆ ಬರುವ ಕೋನವೇ 1 ರೇಡಿಯನ್.

ಅಷ್ಟೇ. ಪೈ ಇಲ್ಲ, 180 ಇಲ್ಲ. ತ್ರಿಜ್ಯದಷ್ಟು ಉದ್ದ ಅಂಚಿನ ಮೇಲೆ ನಡೆದರೆ 1 ರೇಡಿಯನ್ ತಿರುಗಿದ ಹಾಗೆ. ಅರ್ಧ ತ್ರಿಜ್ಯದಷ್ಟು ನಡೆದರೆ 0.5 ರೇಡಿಯನ್. ಪೂರ್ತಿ ಸುತ್ತು ಬರಬೇಕಾದರೆ ಈ ದಾರವನ್ನು ಎಷ್ಟು ಸಲ ಇಡಬೇಕು? ಇಟ್ಟು ನೋಡಿ. ಆರು ಸಲ ಪೂರ್ತಿ, ಆಮೇಲೆ ಕಾಲು ದಾರಕ್ಕಿಂತ ಸ್ವಲ್ಪ ಜಾಸ್ತಿ ಜಾಗ ಉಳಿಯುತ್ತೆ. 6.28. ಅದೇ ಎರಡು ಪೈ. ನೀವು "ಪೈ ರೇಡಿಯನ್ ಅಂದರೆ 180 ಡಿಗ್ರಿ" ಅಂತ ಕಲಿತದ್ದು ಇದರ ಫಲ, ಇದರ ಅರ್ಥ ಅಲ್ಲ. ನಾವು ಕಲಿಸುವವರು ಫಲ ಮೊದಲು ಕೊಟ್ಟು ಅರ್ಥ ಕೊಡುವುದನ್ನು ಮರೆಯುತ್ತೇವೆ. ನನಗೆ ಇದು ನಿಜವಾಗಿ ಬೇಜಾರಿನ ವಿಷಯ, ಯಾಕಂದರೆ ಈ ದಾರ ಇಡುವುದಕ್ಕೆ ಐದು ನಿಮಿಷ ಸಾಕು.

ಅಂದಹಾಗೆ ರೇಡಿಯನ್ ಅನ್ನುವ ಹೆಸರು ಮೊದಲ ಸಲ ಅಚ್ಚಾಗಿದ್ದು 1873ರಲ್ಲಿ, ಐರ್ಲೆಂಡಿನ ಬೆಲ್‌ಫಾಸ್ಟ್‌ನ ಕ್ವೀನ್ಸ್ ಕಾಲೇಜಿನ ಒಂದು ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ. ಪ್ರಶ್ನೆ ತೆಗೆದವರು ಜೇಮ್ಸ್ ಥಾಮ್ಸನ್, ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್‌ರ ಅಣ್ಣ. ಹೆಸರಷ್ಟೇ ಆಗ ಬಂದದ್ದು. ವಿಚಾರ ತುಂಬಾ ಹಳೆಯದು, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ತ್ರಿಜ್ಯ 1 ಇರುವ ಜೈಂಟ್ ವೀಲ್‌ಗೆ ವಾಪಸ್ ಬನ್ನಿ. ತೊಟ್ಟಿಲು ಎಕ್ಸ್ ರೇಡಿಯನ್ ತಿರುಗಿದೆ ಅಂದರೆ ಅಂಚಿನ ಮೇಲೆ ಅದು ನಡೆದ ದೂರವೂ ಎಕ್ಸೇ. ಅದರ ಎತ್ತರ ಸೈನ್ ಎಕ್ಸ್. ಹಾಗಾದರೆ ಸೈನ್ ಎಕ್ಸ್ ಬೈ ಎಕ್ಸ್ ಅಂದರೆ ಏನು? ಏರಿದ ಎತ್ತರ ಬೈ ನಡೆದ ದೂರ. ಎರಡೂ ಉದ್ದಗಳು, ಎರಡನ್ನೂ ಒಂದೇ ದಾರದಲ್ಲಿ ಅಳೆದಿದ್ದೇವೆ. ಶುರುವಿನಲ್ಲಿ ತೊಟ್ಟಿಲು ಬಲತುದಿಯಲ್ಲಿದೆ, ಅಲ್ಲಿ ಅದು ಯಾವ ಕಡೆಗೆ ಹೊರಟಿದೆ? ನೆಟ್ಟಗೆ ಮೇಲಕ್ಕೆ. ಎಡಕ್ಕೂ ಇಲ್ಲ ಬಲಕ್ಕೂ ಇಲ್ಲ. ಹಾಗಿದ್ದಾಗ ಮೊದಲ ಒಂದು ಚೂರು ದೂರ ನಡೆದದ್ದೆಲ್ಲ ಎತ್ತರವಾಗಿಯೇ ಬದಲಾಗುತ್ತೆ. ಆಮೇಲೆ ದಾರಿ ಎಡಕ್ಕೆ ಬಾಗುತ್ತಾ ಹೋದ ಹಾಗೆ ನಡೆದ ದೂರ ಜಾಸ್ತಿ, ಏರಿದ ಎತ್ತರ ಕಡಿಮೆ. ಹಾಗಾಗಿ ಚಿಕ್ಕ ಎಕ್ಸ್‌ಗೆ ಈ ಭಾಗಾಕಾರ 1ಕ್ಕೆ ಹತ್ತಿರ ಇರಲೇಬೇಕು. ಲೆಕ್ಕ ಹಾಕಿ ನೋಡಿ. ಎಕ್ಸ್ 1 ಇದ್ದಾಗ 0.8415. ಎಕ್ಸ್ 0.5 ಆದಾಗ 0.9589. 0.1ಕ್ಕೆ 0.9983. 0.01ಕ್ಕೆ 0.99998.

ಆ ಹುಡುಗನ ಕ್ಯಾಲ್ಕುಲೇಟರ್ ಏನು ಮಾಡಿತ್ತು ಅಂತ ಈಗ ಗೊತ್ತಾಯ್ತಾ? ಎತ್ತರವನ್ನು ತ್ರಿಜ್ಯದ ಲೆಕ್ಕದಲ್ಲಿ ಅಳೆದಿತ್ತು, ನಡೆದ ದೂರವನ್ನು ಮಾತ್ರ ಸುತ್ತಿನ 360ನೇ ಒಂದು ಪಾಲಿನ ಲೆಕ್ಕದಲ್ಲಿ ಅಳೆದಿತ್ತು. ಒಂದನ್ನು ಮೀಟರ್‌ನಲ್ಲಿ, ಇನ್ನೊಂದನ್ನು ಗೇಣಿನಲ್ಲಿ ಅಳೆದು ಭಾಗಿಸಿದ ಹಾಗೆ. 1 ಡಿಗ್ರಿ ಅಂದರೆ ಅಂಚಿನ ಮೇಲೆ 0.01745 ತ್ರಿಜ್ಯ. ಪೈ ಬೈ 180. ಅವನಿಗೆ ಬಂದ ಉತ್ತರ ಅದೇ. ಕ್ಯಾಲ್ಕುಲೇಟರ್ ತಪ್ಪು ಮಾಡಿರಲಿಲ್ಲ, ಅವನೂ ತಪ್ಪು ಮಾಡಿರಲಿಲ್ಲ.

ಇಲ್ಲಿ ಯಾರಾದರೂ ಕೇಳಬಹುದು: ಇಷ್ಟೆಲ್ಲ ಯಾಕೆ, ಎಕ್ಸ್ ಜಾಗದಲ್ಲಿ ಸುಮ್ನೆ 0 ಹಾಕಿದರೆ ಆಗಲ್ವಾ? ಹಾಕಿದರೆ 0 ಬೈ 0. ಅದು 1 ಅಲ್ಲ, 0 ಅಲ್ಲ, ಏನೂ ಅಲ್ಲ. ತೊಟ್ಟಿಲು ಹೊರಟೇ ಇಲ್ಲ, ಎಷ್ಟು ದೂರಕ್ಕೆ ಎಷ್ಟು ಎತ್ತರ ಏರಿತು ಅಂತ ಕೇಳಿದರೆ ಏನು ಹೇಳುವುದು? ಲಿಮಿಟ್ ಕೇಳುವುದು ಬೇರೆ ಪ್ರಶ್ನೆ. ಸೊನ್ನೆಯಲ್ಲಿ ಏನಿದೆ ಅಂತ ಅದು ಕೇಳುವುದೇ ಇಲ್ಲ. ಸೊನ್ನೆಯ ಅಕ್ಕಪಕ್ಕ, ಬೇಕಾದಷ್ಟು ಹತ್ತಿರ ಹೋದರೆ, ಉತ್ತರಗಳೆಲ್ಲ ಯಾವ ಸಂಖ್ಯೆಯ ಸುತ್ತ ಬಂದು ಕೂರುತ್ತವೆ ಅಂತ ಕೇಳುತ್ತೆ. ಎಡಗಡೆಯಿಂದ ಬಂದರೂ ಅಷ್ಟೇ. ಎಕ್ಸ್ ಮೈನಸ್ ಆದರೆ ಸೈನ್ ಕೂಡ ಮೈನಸ್, ಭಾಗಿಸಿದರೆ ಮತ್ತೆ ಪ್ಲಸ್.

ಸಂಖ್ಯೆ ಹಾಕಿ ನೋಡಿದ್ದು ನಂಬಿಕೆ ಕೊಡುತ್ತೆ, ಸಾಧನೆ ಅಲ್ಲ. ಸಾಧನೆಗೆ ಮೂರು ಆಕಾರ ಸಾಕು. ತ್ರಿಜ್ಯ 1 ಇರುವ ವೃತ್ತದಲ್ಲಿ ಎಕ್ಸ್ ಕೋನದ ಒಂದು ತುಂಡು ತಗೊಳ್ಳಿ, ಪಿಜ್ಜಾ ತುಂಡಿನ ಹಾಗೆ. ಆ ತುಂಡಿನ ಒಳಗೆ, ಬಾಗಿದ ಅಂಚನ್ನು ಬಿಟ್ಟು ನೇರ ಗೆರೆ ಎಳೆದರೆ ಒಂದು ತ್ರಿಭುಜ. ಪಾದ 1, ಎತ್ತರ ಸೈನ್ ಎಕ್ಸ್, ವಿಸ್ತೀರ್ಣ ಸೈನ್ ಎಕ್ಸ್‌ನ ಅರ್ಧ. ತುಂಡಿನ ಹೊರಗೆ, ಶುರುವಿನ ಬಿಂದುವಿನಲ್ಲಿ ಸ್ಪರ್ಶಕ ಎಳೆದು, ಕೋನದ ಇನ್ನೊಂದು ಗೆರೆಯನ್ನು ಅದಕ್ಕೆ ತಾಗುವವರೆಗೆ ಚಾಚಿದರೆ ಇನ್ನೊಂದು ದೊಡ್ಡ ತ್ರಿಭುಜ. ಪಾದ 1, ಎತ್ತರ ಟ್ಯಾನ್ ಎಕ್ಸ್, ವಿಸ್ತೀರ್ಣ ಟ್ಯಾನ್ ಎಕ್ಸ್‌ನ ಅರ್ಧ. ನಡುವಿನ ತುಂಡಿನ ವಿಸ್ತೀರ್ಣ ಎಷ್ಟು? ಪೂರ್ತಿ ವೃತ್ತ ಎರಡು ಪೈ ತಿರುಗಿದರೆ ಪೈ ವಿಸ್ತೀರ್ಣ. ಅಂದರೆ ತಿರುಗಿದ್ದರ ಅರ್ಧ. ಹಾಗಾಗಿ ಎಕ್ಸ್ ತಿರುಗಿದರೆ ಎಕ್ಸ್‌ನ ಅರ್ಧ. ಈ ಒಂದು ಜಾಗದಲ್ಲೇ ರೇಡಿಯನ್ ಸಾಧನೆಯೊಳಗೆ ಬರುವುದು. ಇದಕ್ಕೆ ಪೆನ್ಸಿಲಲ್ಲಿ ಒಂದು ಸುತ್ತು ಹಾಕಿ ಇಟ್ಟುಕೊಳ್ಳಿ, ಡಿಗ್ರಿ ಆಗಿದ್ದರೆ ಇದು ಎಕ್ಸ್‌ನ ಅರ್ಧ ಆಗುತ್ತಿರಲಿಲ್ಲ.

ಚಿಕ್ಕ ತ್ರಿಭುಜ, ನಡುವೆ ತುಂಡು, ಹೊರಗೆ ದೊಡ್ಡ ತ್ರಿಭುಜ. ಅರ್ಧ ಅರ್ಧ ತೆಗೆದರೆ: ಸೈನ್ ಎಕ್ಸ್‌ಗಿಂತ ಎಕ್ಸ್ ದೊಡ್ಡದು, ಎಕ್ಸ್‌ಗಿಂತ ಟ್ಯಾನ್ ಎಕ್ಸ್ ದೊಡ್ಡದು. ಟ್ಯಾನ್ ಅಂದರೆ ಸೈನ್ ಬೈ ಕಾಸ್, ಹಾಗಾಗಿ ಇದನ್ನು ಸ್ವಲ್ಪ ತಿರುಗಿಸಿ ಬರೆದರೆ ಸೈನ್ ಎಕ್ಸ್ ಬೈ ಎಕ್ಸ್ ಅನ್ನೋದು 1ಕ್ಕಿಂತ ಚಿಕ್ಕದು, ಕಾಸ್ ಎಕ್ಸ್‌ಗಿಂತ ದೊಡ್ಡದು. ಎಕ್ಸ್ ಸೊನ್ನೆಗೆ ಹೋದ ಹಾಗೆ ಕಾಸ್ ಎಕ್ಸ್ ತಾನೇ 1ಕ್ಕೆ ಹೋಗುತ್ತೆ. ಮೇಲಿನವನು 1ರಲ್ಲೇ ನಿಂತಿದ್ದಾನೆ, ಕೆಳಗಿನವನು 1ಕ್ಕೆ ಏರಿ ಬರುತ್ತಿದ್ದಾನೆ, ನಡುವೆ ಇರುವವನಿಗೆ ಬೇರೆ ದಾರಿ ಎಲ್ಲಿದೆ? ಇದೇ ನಿಮ್ಮ ಪುಸ್ತಕದ ಸ್ಯಾಂಡ್‌ವಿಚ್ ಥಿಯರಂ.

ಇದರ ಜೊತೆಗೆ ಬರುವ ಇನ್ನೊಂದು, 1 ಮೈನಸ್ ಕಾಸ್ ಎಕ್ಸ್, ಬೈ ಎಕ್ಸ್. ಅದರ ಲಿಮಿಟ್ 0. ಎಕ್ಸ್ 0.1 ಇದ್ದಾಗ 0.04996. ತೊಟ್ಟಿಲು ಶುರುವಿನಲ್ಲಿ ನೆಟ್ಟಗೆ ಮೇಲಕ್ಕೆ ಹೊರಟಿದೆ ಅಂದೆನಲ್ಲ, ಪಕ್ಕಕ್ಕೆ ಸರಿದದ್ದು ಲೆಕ್ಕಕ್ಕೇ ಬಾರದಷ್ಟು ಕಡಿಮೆ ಅನ್ನುವುದನ್ನೇ ಇದು ಹೇಳುತ್ತಿದೆ. ಮೇಲೆ ಕೆಳಗೆ 1 ಪ್ಲಸ್ ಕಾಸ್ ಎಕ್ಸ್‌ನಿಂದ ಗುಣಿಸಿ, ಮೂರು ಸಾಲಿನಲ್ಲಿ ಬರುತ್ತೆ. ಮನೆಯಲ್ಲಿ ಮಾಡಿ.

ಈಗ ಉತ್ತರಪತ್ರಿಕೆಗಳಲ್ಲಿ ನಾನು ಮತ್ತೆ ಮತ್ತೆ ನೋಡಿರುವ ಒಂದು ತಪ್ಪನ್ನು ಬಿಡಿಸಿ ಹೇಳಬೇಕು, ಯಾಕಂದರೆ ಅದು ಸರಿ ಉತ್ತರ ಕೊಡುತ್ತೆ. ಅದೇ ಅದರ ಅಪಾಯ. ಪ್ರಶ್ನೆ: ಎಕ್ಸ್ ಸೊನ್ನೆಗೆ ಹೋದಾಗ ಸೈನ್ 3 ಎಕ್ಸ್ ಬೈ ಸೈನ್ 5 ಎಕ್ಸ್. ಕೆಲವರು ಮೇಲಿನ ಸೈನ್‌ಗೆ ಒಂದು ಗೀಟು, ಕೆಳಗಿನ ಸೈನ್‌ಗೆ ಒಂದು ಗೀಟು, ಎಕ್ಸ್‌ಗೂ ಒಂದೊಂದು ಗೀಟು ಹಾಕಿ 3 ಬೈ 5 ಅಂತ ಬರೆಯುತ್ತಾರೆ. ಉತ್ತರ 3 ಬೈ 5 ಸರಿ! ಆಬ್ಜೆಕ್ಟಿವ್ ಪೇಪರ್ ಆದರೆ ಮಾರ್ಕ್ಸ್ ಕೂಡ ಬರುತ್ತೆ. ಆದರೆ ಸೈನ್ ಅನ್ನೋದು ಒಂದು ಸಂಖ್ಯೆಯಲ್ಲ, ಹೊಡೆದು ಹಾಕಲಿಕ್ಕೆ. ಅದು ಒಂದು ಕೆಲಸದ ಹೆಸರು. ತಿರುಗಿದ್ದು ಕೊಟ್ಟರೆ ಎತ್ತರ ಹೇಳುವ ಕೆಲಸ. ನಿಜವಾಗಿ ನಡೆದದ್ದು ಏನಂದರೆ ಸೈನ್ 3 ಎಕ್ಸ್ ಬೈ 3 ಎಕ್ಸ್ 1ಕ್ಕೆ ಹೋಗುತ್ತೆ, 5 ಎಕ್ಸ್ ಬೈ ಸೈನ್ 5 ಎಕ್ಸ್ ಕೂಡ 1ಕ್ಕೆ ಹೋಗುತ್ತೆ, ಉಳಿಯುವುದು 3 ಬೈ 5.

ಗೀಟು ಹಾಕುವವರಿಗೆ ನಾನು ಕೊಡುವ ಪ್ರಶ್ನೆ ಇದು. ಸೈನ್ 3 ಎಕ್ಸ್ ಬೈ ಸೈನ್ 2 ಎಕ್ಸ್, ಆದರೆ ಎಕ್ಸ್ ಹೋಗುತ್ತಿರುವುದು ಸೊನ್ನೆಗಲ್ಲ, ಪೈಗೆ. ಅಲ್ಲೂ 0 ಬೈ 0. ಗೀಟು ಹಾಕಿದರೆ 3 ಬೈ 2 ಬರುತ್ತೆ. ಸರಿ ಉತ್ತರ ಮೈನಸ್ 3 ಬೈ 2. ಮೂರು ಪಟ್ಟು ತಿರುಗುವ ತೊಟ್ಟಿಲು ಒಂದೂವರೆ ಸುತ್ತು ಮುಗಿಸಿ ಎಡತುದಿಯಲ್ಲಿದೆ, ಅಲ್ಲಿಂದ ಕೆಳಕ್ಕೆ ಇಳಿಯುತ್ತಿದೆ. ಎರಡು ಪಟ್ಟಿನದು ಪೂರ್ತಿ ಒಂದು ಸುತ್ತು ಮುಗಿಸಿ ಬಲತುದಿಯಲ್ಲಿದೆ, ಅಲ್ಲಿಂದ ಮೇಲೇರುತ್ತಿದೆ. ಒಂದು ಇಳಿತ, ಒಂದು ಏರು, ಹಾಗಾಗಿ ಮೈನಸ್. ಎಕ್ಸ್ ಬದಲು ಪೈ ಪ್ಲಸ್ ಎಚ್ ಅಂತ ಹಾಕಿ, ಎಚ್ ಅನ್ನು ಸೊನ್ನೆಗೆ ಕಳಿಸಿ, ನೀವೇ ನೋಡಿ.

ಇನ್ನೊಂದು, ಎಕ್ಸ್ ಎಲ್ಲಿಗೆ ಹೋಗುತ್ತಿದೆ ಅಂತ ನೋಡದೆ 1 ಅಂತ ಬರೆದುಬಿಡುವುದು. ಎಕ್ಸ್ ಪೈ ಬೈ 2ಕ್ಕೆ ಹೋದರೆ ಸೈನ್ ಎಕ್ಸ್ ಬೈ ಎಕ್ಸ್ ಬರೀ 2 ಬೈ ಪೈ, ಸುಮಾರು 0.64. ಅಲ್ಲಿ 0 ಬೈ 0 ಇಲ್ಲವೇ ಇಲ್ಲ, ನೇರ ಬೆಲೆ ಹಾಕಿದರೆ ಮುಗೀತು.

ಸಿಇಟಿ ಕೋಚಿಂಗಿಗೆ ಹೋಗುವವರು ಈಗ ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದೀರಿ, ಲಾಪಿಟಾಲ್ ರೂಲ್ ಇದೆಯಲ್ಲ, ಮೇಲೆ ಕೆಳಗೆ ಡಿಫರೆನ್ಷಿಯೇಟ್ ಮಾಡಿದರೆ, ಅಂದರೆ ಡೆರಿವೇಟಿವ್ ತೆಗೆದರೆ, ಒಂದೇ ಸಾಲು ಅಂತ. ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಲ್ಲಿ ಧಾರಾಳವಾಗಿ ಬಳಸಿ. ಆದರೆ ಅದರಿಂದ ಈ ಲಿಮಿಟನ್ನು ಸಾಧಿಸಿದೆ ಅನ್ನಬೇಡಿ. ಲಾಪಿಟಾಲ್‌ಗೆ ಸೈನ್‌ನ ಡೆರಿವೇಟಿವ್ ಕಾಸ್ ಅಂತ ಗೊತ್ತಿರಬೇಕು. ಅದು ಗೊತ್ತಾಗಬೇಕಾದರೆ ಸೈನ್ ಎಚ್ ಬೈ ಎಚ್ 1 ಅಂತ ಗೊತ್ತಿರಬೇಕು. ಗೊತ್ತಿಲ್ಲದ್ದನ್ನೇ ಇಟ್ಟುಕೊಂಡು ಅದನ್ನೇ ಸಾಧಿಸಿದ ಹಾಗಾಯಿತು.

ಆ ಡೆರಿವೇಟಿವ್ ಹೇಗೆ ಬರುತ್ತೆ ನೋಡಿ. ಎಕ್ಸ್ ಪ್ಲಸ್ ಎಚ್‌ನ ಸೈನ್ ಅನ್ನು ಬಿಡಿಸಿ, ಸೈನ್ ಎಕ್ಸ್ ಕಳೆದು, ಎಚ್‌ನಿಂದ ಭಾಗಿಸಿ. ಎರಡು ಪಾಲು ಸಿಗುತ್ತೆ. ಒಂದರಲ್ಲಿ ಸೈನ್ ಎಕ್ಸ್ ಇದೆ, ಅದರ ಜೊತೆ ಕಾಸ್ ಎಚ್ ಮೈನಸ್ 1, ಬೈ ಎಚ್. ಅದು ಸೊನ್ನೆ ಆಗಿ ಹೋಗುತ್ತೆ. ಇನ್ನೊಂದರಲ್ಲಿ ಕಾಸ್ ಎಕ್ಸ್ ಇದೆ, ಅದರ ಜೊತೆ ಸೈನ್ ಎಚ್ ಬೈ ಎಚ್. ಅದು 1. ಉಳಿಯುವುದು ಕಾಸ್ ಎಕ್ಸ್. ಒಂದೇ ವೇಗದಲ್ಲಿ ತಿರುಗುವ ಜೈಂಟ್ ವೀಲ್‌ನಲ್ಲಿ ಕೂತವರಿಗೆ ಇದು ಮೈಗೇ ಗೊತ್ತಾಗುತ್ತೆ. ಗುಂಬದ ಮಟ್ಟದಲ್ಲಿ ಝುಮ್ಮಂತ ಮೇಲೇರುತ್ತೀರಿ, ಅಲ್ಲಿ ಕಾಸ್ 1. ತುದಿಗೆ ಹತ್ತಿರ ಬಂದ ಹಾಗೆ ಏರುವುದು ನಿಧಾನ ಆಗುತ್ತಾ ಆಗುತ್ತಾ, ತುತ್ತ ತುದಿಯಲ್ಲಿ ಒಂದು ಕ್ಷಣ ಏರೂ ಇಲ್ಲ ಇಳಿತವೂ ಇಲ್ಲ, ಅಲ್ಲಿ ಕಾಸ್ 0.

ಈಗ ಹಳೆಯ ಮಾತು ಅಂದೆನಲ್ಲ, ಅದಕ್ಕೆ ಬರುತ್ತೇನೆ. ಇದು ನನಗೆ ತುಂಬಾ ಇಷ್ಟವಾದ ಭಾಗ.

ಆರ್ಯಭಟ ಹುಟ್ಟಿದ್ದು 476ರಲ್ಲಿ. 499ರ ಸುಮಾರಿಗೆ ಬರೆದ ಆರ್ಯಭಟೀಯದಲ್ಲಿ ಸೈನ್ ಕೋಷ್ಟಕ ಒಂದೇ ಪದ್ಯದಲ್ಲಿದೆ. ಶುರುವಾಗುವುದು ಹೀಗೆ: ಮಖಿ, ಭಖಿ, ಫಖಿ, ಧಖಿ. ಮಂತ್ರ ಅಲ್ಲ, ಸಂಖ್ಯೆಗಳು. ನಮ್ಮ ವರ್ಣಮಾಲೆಯಲ್ಲೇ ಎಣಿಸಿ. ಕ ಅಂದರೆ 1, ಖ ಅಂದರೆ 2, ಹಾಗೇ ಹೋದರೆ ಮ 25. ಇಕಾರ ಸೇರಿದರೆ ನೂರು ಪಟ್ಟು, ಹಾಗಾಗಿ ಖಿ 200. ಮಖಿ 225. ಭ 24, ಭಖಿ 224. ಫ 22, ಫಖಿ 222. ಧ 19, ಧಖಿ 219. ಬೆರಳು ಮಡಚಿ ಎಣಿಸಿ ನೋಡಿ, ಸರಿಯಾಗಿ ಬರುತ್ತೆ.

ಈ ಸಂಖ್ಯೆಗಳು ಏನು? ಕಾಲು ಸುತ್ತನ್ನು 24 ಭಾಗ ಮಾಡಿದ್ದಾರೆ. ಒಂದೊಂದು ಭಾಗ 3 ಡಿಗ್ರಿ 45 ಮಿನಿಟ್, ಒಂದು ಡಿಗ್ರಿಗೆ 60 ಮಿನಿಟ್, ಅಂದರೆ 225 ಮಿನಿಟ್. ಒಂದೊಂದು ಹೆಜ್ಜೆಗೂ ಎತ್ತರ ಎಷ್ಟು ಹೆಚ್ಚಾಯಿತು ಅನ್ನುವುದೇ ಈ ಪಟ್ಟಿ. ಮೊದಲ ಹೆಜ್ಜೆಯಲ್ಲಿ ನಡೆದದ್ದು 225, ಏರಿದ್ದೂ 225! ನಡೆದದ್ದಕ್ಕೂ ಏರಿದ್ದಕ್ಕೂ ಒಂದು ಪೂರ್ಣ ಸಂಖ್ಯೆಯಷ್ಟೂ ವ್ಯತ್ಯಾಸ ಇಲ್ಲ. ನಮ್ಮ ಲಿಮಿಟ್ ಅಲ್ಲೇ ಕೂತಿದೆ. ಅದು ಹೀಗೆ ಕಾಣಲು ಕಾರಣವೂ ನಮ್ಮ ದಾರವೇ. ಪೂರ್ತಿ ಸುತ್ತಿಗೆ 21600 ಮಿನಿಟ್, ಅದೇ ಅಳತೆಯಲ್ಲಿ ತ್ರಿಜ್ಯವನ್ನೂ ಅಳೆದು 3438 ಅಂತ ಇಟ್ಟುಕೊಂಡರು. ಅಂಚನ್ನೂ ತ್ರಿಜ್ಯವನ್ನೂ ಒಂದೇ ಕೋಲಿನಲ್ಲಿ ಅಳೆಯುವುದು, ರೇಡಿಯನ್‌ನ ಜೀವಾಳ ಇದೇ ತಾನೇ?

ಆಮೇಲೆ ಹೆಜ್ಜೆಗಳು ಚಿಕ್ಕದಾಗುತ್ತಾ ಹೋಗುತ್ತವೆ. ಎಂಟನೆಯದು 199, ಅಲ್ಲಿಗೆ 30 ಡಿಗ್ರಿ ಆಯಿತು. ಮೊದಲ ಎಂಟನ್ನು ಕೂಡಿಸಿ, 1719. 3438ರ ಸರಿಯಾಗಿ ಅರ್ಧ, ನೀವು ಕಲಿತ ಸೈನ್ 30. ಕೊನೆಯ ನಾಲ್ಕು 51, 37, 22, 7. ತೊಟ್ಟಿಲು ತುದಿಗೆ ಬಂದು ನಿಧಾನ ಆಗುತ್ತಿರುವುದು ಕಾಣುತ್ತಿದೆ ಅಲ್ವಾ? ಈ ವ್ಯತ್ಯಾಸಗಳು ಕಾಸ್‌ಗೆ ಅನುಗುಣವಾಗಿ ಇಳಿಯುತ್ತವೆ ಅನ್ನುವುದನ್ನು ಎರಡನೇ ಭಾಸ್ಕರರು 1150ರ ಸಿದ್ಧಾಂತ ಶಿರೋಮಣಿಯಲ್ಲಿ ಹೇಳಿದ್ದಾರೆ. ಕೇರಳದ ಮಾಧವ, 14ನೇ ಶತಮಾನದಲ್ಲಿ ಹುಟ್ಟಿದವರು, ಇನ್ನೂ ಮುಂದೆ ಹೋದರು. ಸೈನ್ ಎಕ್ಸ್ ಬರೀ ಎಕ್ಸ್ ಅಲ್ಲ, ಎಕ್ಸ್‌ನಿಂದ ಎಕ್ಸ್ ಘನದ ಆರನೇ ಒಂದು ಪಾಲು ಕಳೆಯಬೇಕು, ಆಮೇಲೆ ಇನ್ನೊಂದು ಕೂಡಿಸಬೇಕು, ಹೀಗೆ ಮುಗಿಯದ ಸರಣಿ. 0.1ಕ್ಕೆ ಮೊದಲ ಎರಡು ಪದ ಹಾಕಿದರೇ 0.0998333. ಕ್ಯಾಲ್ಕುಲೇಟರ್ ಹೇಳುವುದು 0.0998334.

ಸೈನ್ ಅನ್ನುವ ಹೆಸರು ಕೂಡ ಇಲ್ಲಿಂದಲೇ ಹೋದದ್ದು. ಸಂಸ್ಕೃತದಲ್ಲಿ ಜ್ಯಾ, ಅಂದರೆ ಬಿಲ್ಲಿನ ಹೆದೆ. ಅಂಚಿನ ತುಂಡು ಬಿಲ್ಲು, ಅದರ ಎರಡು ತುದಿ ಸೇರಿಸುವ ಗೆರೆ ಹೆದೆ, ಹೆದೆಯ ಅರ್ಧವೇ ಸೈನ್. ಜ್ಯಾಗೆ ಜೀವಾ ಅಂತಲೂ ಹೆಸರು. ಅರಬ್ಬಿಯವರು ಅದನ್ನು ಜೀಬ ಅಂತ ತಗೊಂಡರು. ಅರಬ್ಬಿಯಲ್ಲಿ ಸ್ವರ ಬರೆಯದೆ ಬಿಡುವುದುಂಟು, ಹಾಗಾಗಿ ಆಮೇಲಿನವರು ಜೈಬ್ ಅಂತ ಓದಿಕೊಂಡರು. ಜೈಬ್ ಅಂದರೆ ಬಟ್ಟೆಯ ಮಡಿಕೆ. ನಾವು ಕನ್ನಡದಲ್ಲಿ ಅನ್ನುವ ಜೇಬು ಅದೇ ಮಾತು. ಲ್ಯಾಟಿನ್‌ಗೆ ಅನುವಾದ ಮಾಡಿದವರು ಮಡಿಕೆಗೆ ಸೈನಸ್ ಅಂತ ಬರೆದರು. ಬಿಲ್ಲಿನ ಹೆದೆ ಹೋಗಿ ಸೈನ್ ಆಯಿತು. ಹೆದೆಯ ಚಿತ್ರ ಮನಸ್ಸಿನಲ್ಲಿಟ್ಟುಕೊಂಡು ಒಮ್ಮೆ ಲಿಮಿಟ್ ನೋಡಿ: ಬಿಲ್ಲು ಚಿಕ್ಕದಾಗುತ್ತಾ, ಬಾಗು ಕಡಿಮೆಯಾಗುತ್ತಾ ಹೋದರೆ ಬಿಲ್ಲಿಗೂ ಹೆದೆಗೂ ಉದ್ದದಲ್ಲಿ ವ್ಯತ್ಯಾಸವೇ ತಿಳಿಯುವುದಿಲ್ಲ.

ಕನ್ನಡ ಮೀಡಿಯಂನಿಂದ ಬಂದವರಿಗೆ ಒಂದು ಮಾತು. ಮಾಧವರ ಆ ಸರಣಿಗಳ ಸಾಧನೆಯನ್ನು ಜ್ಯೇಷ್ಠದೇವರು 1530ರ ಸುಮಾರಿಗೆ ಯುಕ್ತಿಭಾಷಾದಲ್ಲಿ ಬರೆದದ್ದು ಸಂಸ್ಕೃತದಲ್ಲಲ್ಲ, ಮನೆಮಾತಾದ ಮಲಯಾಳದಲ್ಲಿ. ನಮ್ಮ ರಾಜಾದಿತ್ಯ 12ನೇ ಶತಮಾನದಲ್ಲೇ ಕನ್ನಡದಲ್ಲಿ ವ್ಯವಹಾರಗಣಿತ ಬರೆದ. ಪಿಯುಸಿ ಸೈನ್ಸ್‌ನಲ್ಲಿ ಪಾಠ ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯುತ್ತೆ, ಅದಕ್ಕೆ ತಯಾರಾಗಲೇಬೇಕು. ಆದರೆ ಯೋಚನೆಯನ್ನು ಕನ್ನಡದಲ್ಲಿ ಮಾಡಿ, ಪ್ರಶ್ನೆಯನ್ನು ಕನ್ನಡದಲ್ಲಿ ಕೇಳಿ. "ಟೆಂಡ್ಸ್ ಟು" ಅಂತ ಬಂದಾಗಲೆಲ್ಲ ಒಳಗೊಳಗೇ "ಹತ್ತಿರ ಹೋಗ್ತಾ ಇದೆ" ಅಂತ ಓದಿಕೊಳ್ಳಿ.

ಕೊನೆಗೆ ಪ್ರಶ್ನೆ ಕೇಳಿ ಅಂದೆ. ಒಬ್ಬ ಹುಡುಗ, "ಎಲ್ಲದಕ್ಕೂ ಲಿಮಿಟ್ ಇರುತ್ತಾ ಸಾರ್?" ಅಂದ. ಇರಲ್ಲ. 1 ಬೈ ಎಕ್ಸ್‌ನ ಸೈನ್ ತಗೊಳ್ಳಿ. ಎಕ್ಸ್ 0.1 ಆದಾಗ ಮೈನಸ್ 0.544, 0.01ಕ್ಕೆ ಮೈನಸ್ 0.506, 0.001ಕ್ಕೆ ಪ್ಲಸ್ 0.827. ಸೊನ್ನೆಗೆ ಹತ್ತಿರ ಹೋದಷ್ಟೂ ಚಕ್ರ ಹುಚ್ಚೆದ್ದು ಸುತ್ತುತ್ತೆ, ಎಲ್ಲೂ ಕೂರಲ್ಲ. ಅದನ್ನೇ ಎಕ್ಸ್‌ನಿಂದ ಗುಣಿಸಿ, ಆಗ ಎರಡು ಕಡೆಯಿಂದ ಒತ್ತಿ ಸೊನ್ನೆಗೆ ತಂದು ಕೂರಿಸಬಹುದು.

ಮುಂದಿನ ಸಾಲಿನ ಹುಡುಗಿ ಕೇಳಿದಳು, "ಡಿಗ್ರಿಯಲ್ಲೇ ಕ್ಯಾಲ್ಕುಲಸ್ ಮಾಡಿದರೆ ತಪ್ಪಾ ಸಾರ್?" ತಪ್ಪಲ್ಲಮ್ಮ. ಆದರೆ ಸೈನ್‌ನ ಡೆರಿವೇಟಿವ್ ಆಗ ಬರೀ ಕಾಸ್ ಆಗಲ್ಲ, 0.01745 ಗುಣಿಸು ಕಾಸ್ ಆಗುತ್ತೆ. ಇನ್ನೊಮ್ಮೆ ಡಿಫರೆನ್ಷಿಯೇಟ್ ಮಾಡಿದರೆ ಇನ್ನೊಂದು 0.01745 ಬಂದು ಸೇರಿಕೊಳ್ಳುತ್ತೆ. ಪ್ರತಿ ಹೆಜ್ಜೆಗೂ ಆ ಸಂಖ್ಯೆಯನ್ನು ಹೊತ್ತುಕೊಂಡು ತಿರುಗಬೇಕು.

ಅವಳು ತಲೆ ಆಡಿಸಿದಳು, ಆದರೆ ಕೂರಲಿಲ್ಲ. ಮುಂದೆ ಬಂದು ಆ ಪೇಪರ್ ವೃತ್ತ ತಗೊಂಡಳು. ಕಂಪಾಸ್ ಬಾಕ್ಸಿನಿಂದ ಕೋನಮಾಪಕ ತೆಗೆದು, ಮಡಿಕೆ ಸೇರುವ ಜಾಗದ ಮೇಲಿಟ್ಟು, ನಾನು ದಾರ ಇಟ್ಟು ಗುರುತು ಮಾಡಿದ್ದ ಕೋನವನ್ನು ಅಳೆದಳು. "57 ಸಾರ್," ಅಂದಳು. ಆಮೇಲೆ ಇನ್ನೂ ಬಗ್ಗಿ ನೋಡಿ, "57ಕ್ಕಿಂತ ಒಂಚೂರು ಜಾಸ್ತಿ."